ಮಕ್ಕಳ ಕೈಯಲ್ಲಿ ಯಾವ ಚರಿತ್ರೆ?

ಆರನೆಯ, ಏಳನೆಯ ತರಗತಿಯ ಮಕ್ಕಳಿಗೆ ಓದಲು ಕೊಡಬಹುದಾದ ಒಳ್ಳೆಯ ಚರಿತ್ರೆ ಪುಸ್ತಕ ಯಾವುದೆಂದು ಪೋಷಕರು ಆಗಾಗ ನಮ್ಮನ್ನು ಕೇಳುತ್ತಾರೆ. ಉತ್ತರಿಸಲು ತಡವರಿಸುತ್ತೇವೆ. ಪಠ್ಯಪುಸ್ತಕವನ್ನು ಯಾರು ತಿದ್ದಬೇಕೆಂಬ ಜಗಳ 2022ರಲ್ಲಿ ನಮ್ಮ ರಾಜ್ಯದಲ್ಲಿ ಜೋರಾಗಿಯೇ ನಡೆಯಿತು. ಪರೀಕ್ಷೆ ಮುಗಿದ ಮೇಲೂ ಮಗು ತಾನಾಗಿ ತೆರೆದು ಓದುವ ಪುಸ್ತಕದ ಮಾತು ಮಾತ್ರ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ನಮ್ಮ ತಲೆಮಾರಿಗೆ ಸಿಕ್ಕಿದ್ದು ಅಮರ ಚಿತ್ರ ಕಥೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಈ ಮಾಲಿಕೆಯಲ್ಲಿ ಅಕ್ಬರನೂ ಇದ್ದಾನೆ, ಟಿಪ್ಪುವೂ ಇದ್ದಾನೆ. ಓದಿನ ರುಚಿ ಹತ್ತಿಸಿದ್ದಕ್ಕೆ ನಾವು ಋಣಿಗಳು. ಆದರೆ ಅಲ್ಲಿ ನಾಯಕ ತಪ್ಪು ಮಾಡುವುದು ಅಪರೂಪ. ಖಳನ ಕೆಡುಕಿಗೆ ಕಾರಣ ಹುಡುಕುವ ಗೋಜೂ ಇಲ್ಲ.

ನೆಹರೂ 1928ರಲ್ಲಿ ಹತ್ತು ವರ್ಷದ ಇಂದಿರೆಗೆ ಬರೆದ ಪತ್ರಗಳು ಬೇರೆ ಜಾತಿಯವು. ಅಲ್ಲಿ ಒಂದು ನುಣುಪಾದ ಬೆಣಚುಕಲ್ಲೂ ಕಥೆ ಹೇಳುತ್ತದೆ. ವಿಯೆನ್ನಾದ ಗೊಂಬ್ರಿಕ್ ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಆರೇ ವಾರಗಳಲ್ಲಿ ಬರೆದ ಜಗತ್ತಿನ ಪುಟ್ಟ ಚರಿತ್ರೆ ಯುರೋಪನ್ನೇ ನಡುವೆ ಇಟ್ಟುಕೊಂಡಿದೆ, ನಿಜ. ಆದರೂ ನಮಗೆ ಅದು ಮೆಚ್ಚುಗೆ. ಅರ್ಧ ಶತಮಾನದ ಬಳಿಕ ಸೇರಿಸಿದ ಕೊನೆಯ ಅಧ್ಯಾಯದಲ್ಲಿ, ತಾನು ಹಿಂದೆ ಬರೆದದ್ದರಲ್ಲಿ ತಪ್ಪಿತ್ತೆಂದು ಮಕ್ಕಳ ಮುಂದೆಯೇ ಒಪ್ಪಿಕೊಳ್ಳುತ್ತಾನೆ. ಇಂಥ ಧೈರ್ಯ ನಮ್ಮ ಎಷ್ಟು ಲೇಖಕರಿಗಿದೆ?

ನಮ್ಮವರು ಹೊರತರುವ ಮಕ್ಕಳ ಪುಸ್ತಕಗಳನ್ನೂ ಇಲ್ಲಿ ಬಿಡುವಂತಿಲ್ಲ. ಸುಲ್ತಾನರು ದಾಳಿಕೋರರಷ್ಟೇ ಎನ್ನುವವರಿಗೆ ಉತ್ತರವಾಗಿ ನಾವು ಕೊಡುವುದು ಹೊಗಳಿಕೆಯ ಪಟ್ಟಿ. ಎರಡನ್ನೂ ಓದಿ ಮಗು ಆಕಳಿಸುತ್ತದೆ.

ಬೀದರನ್ನೇ ನೋಡಿ. 1470ರ ಸುಮಾರಿಗೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಒಂದು ಕುದುರೆ ಮಾರಲು ಅಲ್ಲಿಗೆ ಬರುತ್ತಾನೆ. ದಾರಿಯಲ್ಲಿ ಜುನ್ನಾರಿನ ಖಾನ ಅದನ್ನು ಕಸಿದುಕೊಂಡಿದ್ದ. ಹೇಗೋ ಮರಳಿ ಸಿಕ್ಕಿತ್ತು. ಅಮೀರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಅವನು ಒಟ್ಟಿಗೇ ಬರೆದಿಟ್ಟ. ಅದೇ ಊರಲ್ಲಿ ಆಗ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಮಂತ್ರಿಯಾದ ಮಹಮೂದ್ ಗವಾನ್ ಇದ್ದ. 1472ರಲ್ಲಿ ಅವನು ಕಟ್ಟಿಸಿದ ಮದ್ರಸಾದ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅವನ ಮೊಹರನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡ ವಿರೋಧಿಗಳು, ಒರಿಸ್ಸಾದ ರಾಜನನ್ನು ದಾಳಿಗೆ ಕರೆಯುವ ಸುಳ್ಳು ಪತ್ರ ಬರೆದರು. ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ಉರುಳಿತು. ಸುಲ್ತಾನನೂ ಮರುವರ್ಷವೇ ತೀರಿಕೊಂಡ. ಮುಂದೆ ರಾಜ್ಯ ಐದು ಹೋಳಾಯಿತು.

ಇಲ್ಲಿ ಕೊಂದವನೂ ಕೊಲೆಯಾದವನೂ ಮುಸ್ಲಿಮರೇ. ‘ನಮ್ಮವರು, ಅವರು’ ಎಂಬ ಲೆಕ್ಕ ಈ ಕಥೆಯಲ್ಲಿ ನಡೆಯದು. ಹನ್ನೆರಡರ ಹುಡುಗಿ ಇದನ್ನು ಓದಿದರೆ ‘ಮೊಹರಿನ ಕೆಳಗೆ ಬರೆದದ್ದು ಯಾರೆಂದು ಯಾಕೆ ಕೇಳಲಿಲ್ಲ?’ ಎಂದು ಖಂಡಿತ ಕೇಳುತ್ತಾಳೆ. ಶಾಲೆಗಳು ಮಕ್ಕಳನ್ನು ಬೀದರಿನ ಕೋಟೆಗೆ ಪ್ರವಾಸ ಕರೆದೊಯ್ಯುತ್ತವೆ. ಬಸ್ಸಿನಲ್ಲಿ ಅವರ ಕೈಗಿಡಲು ಈ ಕಥೆಯ ನೂರು ಪುಟದ ಕನ್ನಡ ಪುಸ್ತಕವೊಂದನ್ನು ನಾವಿನ್ನೂ ಹುಡುಕುತ್ತಲೇ ಇದ್ದೇವೆ.