ದಡದಲ್ಲಿ ನಿಂತವರ ಸಿನಿಮಾ

ಸಿಡ್ನಿ ಪೊಲಾಕ್ 1969ರಲ್ಲಿ ಮಾಡಿದ ‘ದೇ ಶೂಟ್ ಹಾರ್ಸಸ್, ಡೋಂಟ್ ದೇ?’ ಸಿನಿಮಾದಲ್ಲಿ ಒಂದು ಓಟ ಬರುತ್ತದೆ. ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ಕಾಲ ಅದು. ಕೆಲಸ ಕಳೆದುಕೊಂಡವರು, ಹೊಟ್ಟೆಗಿಲ್ಲದವರು ಜೋಡಿ ಜೋಡಿಯಾಗಿ ಬಂದು ಕುಣಿತದ ಪಂದ್ಯಕ್ಕೆ ಹೆಸರು ಬರೆಸುತ್ತಾರೆ. ಕೊನೆಗೆ ಕಾಲ ಮೇಲೆ ನಿಂತಿರುವ ಜೋಡಿಗೆ 1,500 ಡಾಲರ್ ಬಹುಮಾನ. ಎರಡು ಗಂಟೆಗೊಮ್ಮೆ ಹತ್ತು ನಿಮಿಷದ ವಿರಾಮ ಬಿಟ್ಟರೆ ಹಗಲೂ ರಾತ್ರಿ ಕುಣಿಯುತ್ತಲೇ ಇರಬೇಕು. ಟಿಕೆಟ್ ಕೊಂಡು ಕೂತ ಜನಕ್ಕೆ ಅದೂ ಸಪ್ಪೆಯಾಗತೊಡಗಿದಾಗ ಪಂದ್ಯ ನಡೆಸುವವನು ಹೊಸ ಆಟ ತೆಗೆಯುತ್ತಾನೆ. ಹತ್ತು ನಿಮಿಷ ಎಲ್ಲ ಜೋಡಿಗಳೂ ಗೆರೆ ಎಳೆದ ದಾರಿಯಲ್ಲಿ ಸುತ್ತು ಹೊಡೆಯಬೇಕು, ಕಡೆಯ ಮೂರು ಜೋಡಿ ಹೊರಕ್ಕೆ. ವಯಸ್ಸಾದ ನಾವಿಕನೊಬ್ಬ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಜೇನ್ ಫೊಂಡಾಳ ಪಾತ್ರ ಅವನನ್ನು ಬೆನ್ನಿಗೆ ಹೇರಿಕೊಂಡು ಗೆರೆ ದಾಟುತ್ತದೆ. ವಾದ್ಯದವರು ನುಡಿಸುತ್ತಲೇ ಇರುತ್ತಾರೆ.

ಈ ಅಂಕಣದ ಓದುಗರಲ್ಲಿ ಒಬ್ಬರು, ನನ್ನಿಂದ ಕೇಳಿ ಪಡೆದ ಸಿನಿಮಾಗಳ ಪಟ್ಟಿಯಿಂದ ಇದನ್ನು ನೋಡಿ, “ಅಮೆರಿಕದವರು ಇಷ್ಟು ಕ್ರೂರಿಗಳಾ ಮಾರಾಯ್ರೆ?” ಎಂದು ಕೇಳಿದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಈ ಪ್ರಶ್ನೆಯನ್ನು ಅಷ್ಟು ಸುಲಭದಲ್ಲಿ ಕೇಳುವ ಹಾಗಿಲ್ಲ. ನಮ್ಮಲ್ಲೂ ಒಂದು ಓಟವಿತ್ತು.

2000ದಲ್ಲಿ ಕರ್ನಾಟಕ ಸರ್ಕಾರ ನಮ್ಮ ಕರಾವಳಿಯ ಕೊರಗ ಸಮುದಾಯದ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ತಂದಿತು. ಅಜಲು ಎಂದರೆ ಏನೇನು ಎಂಬುದನ್ನು ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಕೂಲಿ ಕೊಡದೆ, ಇಲ್ಲವೇ ಕಡಿಮೆ ಕೂಲಿ ಕೊಟ್ಟು ದುಡಿಸುವುದು ಒಂದು. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಲು ಹೇಳುವುದು ಇನ್ನೊಂದು. ಮೂರನೆಯದು, ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಹಳೆಯ ಕಂಬಳಗಳಲ್ಲಿ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ, ಮಂಜಿನಲ್ಲಿ, ಕೊರಗರು ಡೋಲು ಬಾರಿಸುತ್ತ ಕೂರಬೇಕಿತ್ತು. ಅದಕ್ಕೆ ಪನಿಕುಲ್ಲುನ ಎಂಬ ಹೆಸರೂ ಇದೆ. ಬೆಳಗಾದ ಮೇಲೆ ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರು ಗದ್ದೆಯಲ್ಲಿ, ಓಟ. ಕೋಣಗಳ ಕಾಲಿಗೆ ಮುಳ್ಳು ತಾಗದಿರಲಿ ಎಂದು ಓಡಿಸುತ್ತಿದ್ದರು ಅಂತ ಕೆಲವರು ಕಾರಣ ಕೊಡುತ್ತಾರೆ. ಹಾಗಿದ್ದರೆ ಮುಳ್ಳು ಯಾರ ಕಾಲಿಗೆ ತಾಗಲಿ ಎಂದಿತ್ತು ಎಂಬುದು ಆ ಕಾರಣದೊಳಗೇ ಇದೆ. ಅಂಚಿನಲ್ಲಿ ನಿಂತವರಿಗೆ ಮಾತ್ರ ಅದು ತಮಾಷೆ.

ಇದೇ ಕಂಬಳದ ಕೋಣಗಳ ವಿಷಯ ನೋಡಿ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಆಮೇಲೆ ಹೈಕೋರ್ಟಿನ ತಡೆ, 2017ರಲ್ಲಿ ಬೀದಿಗಿಳಿದ ಜನ, ರಾಜ್ಯದ ತಿದ್ದುಪಡಿ ಕಾಯ್ದೆ, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠದ ಅಂತಿಮ ಮಾತು. ಕೋಣದ ಬೆನ್ನಿಗೆ ಬಿದ್ದ ಏಟು ದೆಹಲಿಯವರೆಗೆ ಹೋಯಿತು. ಹೋಗಲಿ, ಪ್ರಾಣಿಯ ನೋವೂ ನೋವೇ. ಆದರೆ ಮನುಷ್ಯರ ಓಟವನ್ನು ನಿಲ್ಲಿಸಿದ ಕಾಯ್ದೆಯ ಬಗ್ಗೆ ನಮ್ಮ ಹೊಟೇಲು, ಸಲೂನು, ಬಸ್‌ಸ್ಟಾಂಡುಗಳಲ್ಲಿ ಅದರ ಕಾಲುಭಾಗದ ಚರ್ಚೆಯನ್ನೂ ನಾನು ಕೇಳಿಲ್ಲ. ಕುದುರೆಯನ್ನಾದರೆ ಗುಂಡಿಟ್ಟು ಮುಗಿಸುತ್ತಾರಲ್ಲವೇ ಎಂದು ಕೇಳುವ ಪೊಲಾಕ್‌ನ ಸಿನಿಮಾದ ಹೆಸರಿನಲ್ಲಿರುವ ವ್ಯಂಗ್ಯ ಇಲ್ಲಿಗೂ ಸಲ್ಲುತ್ತದೆ. ಕಾಲು ಮುರಿದ ಕುದುರೆಗೆ ಸಿಗುವ ಕನಿಕರ ಮನುಷ್ಯನಿಗೆ ಸಿಗುವುದು ತಡ.

ಇಷ್ಟನ್ನು ಹೇಳಿದ್ದು ಈ ವಾರದ ಸಿನಿಮಾಕ್ಕೆ ಬರಲು. ಅದು ‘ಚೋಮನ ದುಡಿ’. ಬಂದದ್ದು 1975ರಲ್ಲಿ. ಕಾದಂಬರಿ ಶಿವರಾಮ ಕಾರಂತರದು, 1933ರದು. ನಿರ್ದೇಶನ ಬಿ.ವಿ. ಕಾರಂತರದು. ಬಿ.ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಈ ಸಿನಿಮಾ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಕಥೆಗಾಗಿ ಶಿವರಾಮ ಕಾರಂತರಿಗೂ, ನಟನೆಗಾಗಿ ಎಂ.ವಿ. ವಾಸುದೇವ ರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಶ್ರೇಷ್ಠ ನಟ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅದೇ ಮೊದಲು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಚೋಮ ಸಂಕಪ್ಪಯ್ಯನವರ ಮನೆಯ ಜೀತದಾಳು. ಕೊರಗನಲ್ಲ, ಹೊಲೆಯ. ಆದರೆ ಮುಟ್ಟಬಾರದವನೆಂಬ ಹಣೆಪಟ್ಟಿ ಇಬ್ಬರಿಗೂ ಒಂದೇ. ನಾಲ್ಕು ಗಂಡು, ಒಂದು ಹೆಣ್ಣು ಮಕ್ಕಳು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ತುಂಡು ಗದ್ದೆ ಸಿಕ್ಕರೆ ತಾನೂ ಉತ್ತು ಬಿತ್ತು ಬೇಸಾಯಗಾರ ಅನ್ನಿಸಿಕೊಳ್ಳಬೇಕು ಎಂಬುದೊಂದೇ ಆಸೆ. ಹೊಲೆಯ ಬೇಸಾಯ ಮಾಡುವುದೆಂದರೇನು ಎಂದು ಊರು ಅದಕ್ಕೆ ಒಪ್ಪುವುದಿಲ್ಲ. ಬಾಕಿ ಇರುವ ಸಾಲಕ್ಕಾಗಿ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಚಾರ್ಮಾಡಿಯ ಬುಡದಲ್ಲಿರುವ ಬೆಳ್ತಂಗಡಿಯವರಿಗೆ ಘಟ್ಟ ಹತ್ತುವುದು ಎಂದರೆ ಏನೆಂದು ವಿವರಿಸಬೇಕಿಲ್ಲ. ಒಬ್ಬ ಮಗ ಕಾಯಿಲೆಗೆ ಬಿದ್ದು ಸಾಯುತ್ತಾನೆ. ಇನ್ನೊಬ್ಬ ಕ್ರಿಶ್ಚಿಯನ್ ಹುಡುಗಿಯ ಜೊತೆ ಅಲ್ಲೇ ಉಳಿಯುತ್ತಾನೆ. ಮಗಳು ಬೆಳ್ಳಿಯ ಮೈಯನ್ನು ತೋಟದ ಒಡೆಯ ಬಳಸಿಕೊಳ್ಳುತ್ತಾನೆ, ಸಾಲದ ಲೆಕ್ಕ ಚುಕ್ತವಾಗುತ್ತದೆ. ಕಿರಿಯವನು ನೀಲ ನೀರಿನಲ್ಲಿ ಮುಳುಗುತ್ತಾನೆ.

ನೀಲ ಮುಳುಗುವ ಈ ದೃಶ್ಯವೇ ನನ್ನ ಲೆಕ್ಕದಲ್ಲಿ ಸಿನಿಮಾದ ನಡುಮಧ್ಯದ ಕಂಬ. ನೀರಿನಲ್ಲಿ ಮಗು ಕೈಕಾಲು ಬಡಿಯುತ್ತಿದೆ. ದಡದಲ್ಲಿ ಜನ ಇದ್ದಾರೆ. ಈಜು ಬಾರದವರೇನಲ್ಲ. ಯಾರೂ ಇಳಿಯುವುದಿಲ್ಲ, ಏಕೆಂದರೆ ಇಳಿದರೆ ಮುಟ್ಟಬೇಕಾಗುತ್ತದೆ. ಕೊಲೆಗಾರ ಎಂದು ತೋರಿಸಲು ಅಲ್ಲಿ ಒಬ್ಬನೂ ಇಲ್ಲ. ಇರುವವರೆಲ್ಲ ನೋಡುಗರು. ಪೊಲಾಕ್ ತನ್ನ ಪ್ರೇಕ್ಷಕರನ್ನು ಪಡಸಾಲೆಯ ಮೆಟ್ಟಿಲ ಮೇಲೆ, ಟಿಕೆಟ್ ಕೊಂಡವರ ಗುಂಪಾಗಿ ಕೂರಿಸಿದ. ಅವರನ್ನು ನೋಡಿ ನಾವು ‘ಛೇ’ ಅನ್ನಬಹುದು, ಅಂದು ನಮ್ಮನ್ನು ಬೇರೆಯಾಗಿಸಿಕೊಳ್ಳಬಹುದು. ಬಿ.ವಿ. ಕಾರಂತರು ಅಂಥ ಗ್ಯಾಲರಿಯನ್ನು ಕಟ್ಟುವುದಿಲ್ಲ. ಸೀಟಿ ಹೊಡೆದು ಜನರನ್ನು ಕುಣಿಸುವ ನಿರೂಪಕನೂ ಇಲ್ಲಿಲ್ಲ. ಹಾಗಾಗಿ ದಡದಲ್ಲಿ ನಿಂತವರ ಸಾಲಿನಲ್ಲಿ ಖಾಲಿ ಇರುವ ಜಾಗ ಟಾಕೀಸಿನಲ್ಲಿ ಕೂತವರದು.

ಸಂಕಟದ ಸಿನಿಮಾಗಳನ್ನು ತೂಗಲು ನಾನು ಬಳಸುವ ತಕ್ಕಡಿ ಇದೊಂದೇ: ಅತ್ತು ಹೊರಬಂದ ಮೇಲೆ ನಮಗೆ ನಾವು ಒಳ್ಳೆಯವರೆಂದು ಅನ್ನಿಸಿತೋ, ಇಲ್ಲವೋ? ಅನ್ನಿಸಿದರೆ ಆ ಸಿನಿಮಾ ಬಡತನವನ್ನು ನಮಗೆ ಮಾರಿದೆ. ‘ಚೋಮನ ದುಡಿ’ ನೋಡಿ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಅಳುವುದಕ್ಕೆ ಜಾಗವೇ ಕಡಿಮೆ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಕರಾವಳಿಯ ಹಸಿರನ್ನು ಪೂರ್ತಿ ಕಿತ್ತುಕೊಳ್ಳುತ್ತದೆ. ನಮ್ಮ ಊರಿನ ಗದ್ದೆ, ತೋಡು, ಬಾಣೆಗಳನ್ನು ಕ್ಯಾಲೆಂಡರಿನ ಚಿತ್ರವಾಗಿ ನೋಡಿ ಖುಷಿಪಡುವ ಅವಕಾಶವೂ ಹೋಯಿತು. ಉಳಿದದ್ದು ಕೆಸರು, ಗುಡಿಸಲಿನ ಕತ್ತಲೆ, ಮುಖ.

ಆ ಮುಖ ವಾಸುದೇವ ರಾವ್ ಅವರದು. ಕಂಪನಿ ನಾಟಕದಿಂದ ಬಂದವರು. ಅಂಥವರು ಕ್ಯಾಮೆರಾದ ಮುಂದೆ ಕೊನೆಯ ಸಾಲಿನವರಿಗೂ ಕೇಳಲಿ ಎಂದು ಅಭಿನಯಿಸುವುದು ರೂಢಿ. ಇಲ್ಲಿ ಅವರು ಮಾಡಿದ್ದು ಅದಕ್ಕೆ ತದ್ವಿರುದ್ಧ. ಒಡೆಯರ ಅಂಗಳದಲ್ಲಿ ನಿಂತಾಗ ಬೆನ್ನು ತಾನಾಗಿ ಬಾಗುತ್ತದೆ, ಗುಡಿಸಲಿಗೆ ಬಂದು ಕಳ್ಳು ಕುಡಿದು ದುಡಿ ಎತ್ತಿಕೊಂಡರೆ ಅದೇ ಬೆನ್ನು ನೆಟ್ಟಗಾಗುತ್ತದೆ. ಮಾತಿಗಿಂತ ಮೈಯೇ ಹೆಚ್ಚು ಹೇಳುತ್ತದೆ. ಮೃಣಾಲ್ ಸೇನ್ 1977ರಲ್ಲಿ ತಮ್ಮ ತೆಲುಗು ಚಿತ್ರ ‘ಒಕ ಊರಿ ಕಥ’ಕ್ಕೆ ಇವರನ್ನೇ ಕರೆಸಿಕೊಂಡದ್ದು ಸುಮ್ಮನೆ ಅಲ್ಲ. ಆ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಒಂದರಲ್ಲಿ ದುಡಿಯಲು ಹಂಬಲಿಸುವ ಬಡವ, ಇನ್ನೊಂದರಲ್ಲಿ ದುಡಿದು ಏನು ಬಂತೆಂದು ಕೈಚೆಲ್ಲಿ ಕೂತ ಬಡವ. ಎರಡೂ ಒಬ್ಬನೇ ನಟ.

ಇನ್ನು ದುಡಿಯ ಸದ್ದು. ಸಂಗೀತವೂ ಬಿ.ವಿ. ಕಾರಂತರದೇ. ಯಕ್ಷಗಾನದ ಚೆಂಡೆ, ಭೂತಕೋಲದ ವಾದ್ಯ ಕೇಳಿ ಬೆಳೆದ ಕಿವಿ ಅದು. ಚರ್ಮವಾದ್ಯ ಮಳೆಗಾಲದಲ್ಲಿ ಸಡಿಲಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯುತ್ತದೆ, ನಾದ ಏರುತ್ತದೆ. ಅದನ್ನು ತಿಳಿದವನ ಕೈಯಲ್ಲಿ ಈ ಸಿನಿಮಾದ ದುಡಿ ಹಿನ್ನೆಲೆ ಸಂಗೀತವಾಗಿ ಉಳಿಯದೆ ಪಾತ್ರವೇ ಆಗಿದೆ. ನಮ್ಮ ಕಡೆ ದಲಿತರ ವಾದ್ಯ ಹೆಚ್ಚಾಗಿ ಬೇರೆಯವರ ಸಂಭ್ರಮಕ್ಕೇ ಬಾರಿಸಿದ್ದು. ಕಂಬಳಕ್ಕೆ, ಜಾತ್ರೆಗೆ, ದೊಡ್ಡವರ ಮನೆಯ ಕಾರ್ಯಕ್ಕೆ. ಬಾರಿಸಿದವರಿಗೆ ಸಿಕ್ಕಿದ್ದು ಎಲೆಯಲ್ಲಿ ಉಳಿದದ್ದು. ಚೋಮ ದುಡಿ ಬಾರಿಸುವುದು ತನಗಾಗಿ, ತನ್ನ ಮಕ್ಕಳಿಗಾಗಿ. ಕೊನೆಯಲ್ಲಿ ಎತ್ತುಗಳನ್ನು ಕಾಡಿಗೆ ಅಟ್ಟಿ, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ಸಾಯುವವರೆಗೂ ಬಾರಿಸುತ್ತಾನೆ. ನೋಡುಗರನ್ನು ಹೊರಗೆ ನಿಲ್ಲಿಸಿ ಬಾರಿಸಿದ ಏಕೈಕ ವಾದನ ಅದು. ಈ ಒಂದು ಕಾರಣಕ್ಕೆ ಹೇಳುತ್ತೇನೆ, ದಯವಿಟ್ಟು ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ನೋಡಬೇಡಿ. ದುಡಿಯ ತಳದ ನಾದ ಅಲ್ಲಿ ಕೇಳಿಸುವುದೇ ಇಲ್ಲ.

ಸಿನಿಮಾ ಬಂದ ಹೊತ್ತನ್ನೂ ಗಮನಿಸಬೇಕು. ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಮಾಡಿಕೊಂಡವರ ಮಕ್ಕಳು ಮೊಮ್ಮಕ್ಕಳೇ ಇವತ್ತು ಅಡಿಕೆ ತೋಟದ ಯಜಮಾನರು. ಆದರೆ ಆ ಅರ್ಜಿ ಹಾಕಬೇಕಾದರೆ ನೀವು ಗೇಣಿದಾರರಾಗಿರಬೇಕಿತ್ತು. ಚೋಮ ಗೇಣಿಯವನಲ್ಲ, ಆಳು. ಅವನ ಹೆಸರಿನಲ್ಲಿ ಗೇಣಿಚೀಟಿ ಎಲ್ಲಿಂದ ಬರಬೇಕು? 1933ರಲ್ಲಿ ಸತ್ತ ಚೋಮ 1975ರವರೆಗೆ ಬದುಕಿದ್ದರೂ ಟ್ರಿಬ್ಯೂನಲ್ಲಿನ ಮುಂದೆ ಅವನ ಕೈ ಖಾಲಿಯೇ. ಜೀತ ರದ್ದು ಮಾಡುವ ಕೇಂದ್ರದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ. ಅಂದರೆ ಈ ಸಿನಿಮಾ ಹಳೆಯ ಕಾಲದ ಕಥೆಯಾಗಿ ತೆರೆಗೆ ಬರಲಿಲ್ಲ, ಆ ವರ್ಷದ ಸುದ್ದಿಯಾಗಿಯೇ ಬಂತು.

ದೋಷಗಳಿಲ್ಲವೇ? ಇವೆ. ಚೋಮನಂಥವನು ನಿಜದಲ್ಲಿ ತುಳು ಆಡುತ್ತಿದ್ದ. ಇಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ನಮ್ಮ ಕಿವಿಗೆ ಅದು ಅಲ್ಲಲ್ಲಿ ತೊಡರುತ್ತದೆ. ಅದಕ್ಕಿಂತ ದೊಡ್ಡದು, ದುರಂತ ಒಂದರ ಮೇಲೊಂದು ಬಂದು ಬೀಳುವ ರೀತಿ. ಮಕ್ಕಳು ಒಬ್ಬೊಬ್ಬರಾಗಿ ಹೋಗುವಾಗ ಕಥೆಗಾರನ ಕೈ ಕಾಣಿಸುತ್ತದೆ. ಚೋಮ ಎದುರು ನಿಂತು ಕೇಳುವುದಿಲ್ಲ, ಸಿಟ್ಟನ್ನೆಲ್ಲ ದುಡಿಯ ಮೇಲೆ, ಮಗಳ ಮೇಲೆ ತೀರಿಸುತ್ತಾನೆ. ದಲಿತ ಬಂಡಾಯದ ದಶಕ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ ಬಂದ ಸಿನಿಮಾ ಎಂದು ನೋಡಿದರೆ ಈ ಮೌನ ಹೆಚ್ಚು ಚುಚ್ಚುತ್ತದೆ. ಬರೆದವರು, ನಿರ್ದೇಶಿಸಿದವರು ಇಬ್ಬರೂ ಅಂಗಳದ ಮೇಲಿನವರು. ಅಂಗಳದ ಕೆಳಗಿನವನ ಸಿಟ್ಟು ಅವರಿಗೆ ಅಷ್ಟೇ ಕೇಳಿಸಿತು. ಪ್ರಾಮಾಣಿಕವಾಗಿ ಕೇಳಿಸಿಕೊಂಡರು ಎಂಬುದು ಅವರ ದೊಡ್ಡತನ, ಕೇಳಿಸಿದ್ದು ಅಷ್ಟೇ ಎಂಬುದು ಸಿನಿಮಾದ ಮಿತಿ.

ಇವತ್ತಿನ ಕುಣಿತದ ಪಂದ್ಯಗಳು ನಮ್ಮ ಜೇಬಿನಲ್ಲೇ ಇವೆ. ಬಸ್‌ಸ್ಟಾಂಡಿನ ಮುದುಕಿಯ ಕೈಗೆ ಐನೂರರ ನೋಟಿಟ್ಟು, ಆಕೆಯ ಕಣ್ಣೀರು ಬರುವವರೆಗೆ ಕ್ಯಾಮೆರಾ ಹಿಡಿದು, ಹಾಡು ಸೇರಿಸಿ ಹಾಕುವ ರೀಲ್ಸ್. ಹಾಡಲು ಬಂದ ಮಗುವಿನ ಕೈಯಲ್ಲಿ ಮನೆಯ ಸಾಲದ ಕಥೆ ಹೇಳಿಸಿ ತೀರ್ಪುಗಾರರನ್ನು ಅಳಿಸುವ ಟಿವಿ ವೇದಿಕೆ. ಪೊಲಾಕ್‌ನ ನಿರೂಪಕ ಈಗ ಸಾವಿರ ಮಂದಿಯಾಗಿದ್ದಾನೆ. ಆ ಪಾತ್ರಕ್ಕೆ ಗಿಗ್ ಯಂಗ್‌ಗೆ ಆಸ್ಕರ್ ಬಂತು. ಇವರಿಗೆ ವ್ಯೂಸ್ ಬರುತ್ತದೆ.

ಮೂಡುಬಿದಿರೆಯ ಕೋಟಿ-ಚೆನ್ನಯ, ವೇಣೂರಿನ ಸೂರ್ಯ-ಚಂದ್ರ, ಹೊಕ್ಕಾಡಿಗೋಳಿಯ ವೀರ-ವಿಕ್ರಮ ಕರೆಗಳಿಗೆ ನಾನೂ ಹೋಗುವವನೇ. ನೇಗಿಲು ವಿಭಾಗದ ಕೋಣಗಳು ಓಟದ ಕೊನೆಯ ಮಂಜೊಟ್ಟಿಗೆ ಏರುವಾಗ ನನಗೂ ರೋಮಾಂಚನ. ಕಂಬಳ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳುವುದು ಇಷ್ಟೇ: ಕಂಬಳದ ಋತುವಿನಲ್ಲಿ ನಮ್ಮ ಕಾಲೇಜುಗಳು, ಫಿಲಂ ಸೊಸೈಟಿಗಳು ‘ಚೋಮನ ದುಡಿ’ಯನ್ನು ಒಮ್ಮೆ ದೊಡ್ಡ ಪರದೆಗೆ ತರಲಿ. ಮುಗಿದ ಮೇಲೆ ಮಾತಾಡಲು ಉಪನ್ಯಾಸಕರನ್ನಷ್ಟೇ ಕರೆಯುವುದು ಬೇಡ. ಓಡಿದವರ ಮಕ್ಕಳು, ಡೋಲು ಬಾರಿಸಿದವರ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ, ಓದಿದ್ದಾರೆ, ಮಾತು ಬಲ್ಲವರು. ಸಿನಿಮಾದ ಬಗ್ಗೆ ಅವರು ಹೊಗಳಿದರೂ ಸರಿ, ತೆಗಳಿದರೂ ಸರಿ. ಮುಂದಿನ ಚೋಮನ ಸಿನಿಮಾವನ್ನು ಮಾಡುವವರು ಅವರೇ ಆದರೆ, ಅದರ ಮೊದಲ ದಿನದ ಟಿಕೆಟ್ಟಿಗೆ ನಾನು ಸರತಿಯಲ್ಲಿ ನಿಲ್ಲುತ್ತೇನೆ. ಅದರಲ್ಲಿ ನಮ್ಮಂಥವರ ಪಾತ್ರ ಹೇಗೆ ಬರುತ್ತದೋ, ಅದನ್ನು ನೋಡುವ ಧೈರ್ಯ ಇಟ್ಟುಕೊಂಡೇ ಹೋಗಬೇಕು.