ಟವೆಲ್ ಮರೆಯ ಬೆರಳು

ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಕ್ಯಾಮೆರಾ ನೋಡಲು ಯಾರಿಗೂ ಪುರುಸೊತ್ತಿಲ್ಲ. ಟೊಮೆಟೊ ಕ್ರೇಟು ಇಳಿಯಬೇಕು, ಕೋಸಿನ ಮೂಟೆ ಹೊಲಿಯಬೇಕು, ಕೇರಳದ ಲಾರಿ ಹೊರಡಬೇಕು. ರೇಟು ಕೇಳಿಸಿಕೊಳ್ಳುತ್ತಿರುವ ರೈತನನ್ನು ನೋಡಿ. ಕಣ್ಣು ಕೂಗುವವನ ತುಟಿಯ ಮೇಲೆ. ಕೈ ಮಾತ್ರ ತನ್ನ ಪಾಡಿಗೆ ಒಂದು ಬೀನ್ಸ್ ಕಾಯಿ ಮುರಿಯುತ್ತಿದೆ. ಆ ಕೈಗಾಗಿಯೇ ಈ ಚಿತ್ರ ತೆಗೆಯಬೇಕು.

ದನದ ವ್ಯಾಪಾರ ಇನ್ನೂ ಸೊಗಸು. ಹಳೆಯ ಪದ್ಧತಿಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಸುಳಿವು ಸಿಗಬಾರದೆಂದು ಇಬ್ಬರೂ ಮುಖ ಬಿಗಿಹಿಡಿದಿರುತ್ತಾರೆ. ಮುಖ ಮುಚ್ಚಿಟ್ಟದ್ದನ್ನು ಮೈ ಬಯಲು ಮಾಡುತ್ತದೆ: ಒಪ್ಪದವನ ಮೊಣಕೈ ಹಿಂದಕ್ಕೆ ಜಗ್ಗಿದೆ, ಆಸೆಪಟ್ಟವನ ಭುಜ ಮುಂದಕ್ಕೆ ಬಾಗಿದೆ. ದನ ಮಾತ್ರ ನಿರಾಳವಾಗಿ ಮೆಲುಕು ಹಾಕುತ್ತಿರುತ್ತದೆ.

ಇದೇ ಜನರಿಗೆ ಫೋಟೊ ಎಂದು ಗೊತ್ತಾಗಲಿ, ಕತೆ ಮುಗಿಯಿತು. ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, "ಇರಪ್ಪ, ಬ್ಯಾರ ಸೀರ ಉಟ್ಕಂಡು ಬತ್ತೀನಿ" ಎಂದು ಒಳಗೆ ಹೋಗುತ್ತಾಳೆ. ಮರಳಿ ಬಂದು ಕುರ್ಚಿಯಲ್ಲಿ ಕೂತವಳು ಆಧಾರ್ ಕಾರ್ಡಿನ ಅಜ್ಜಿ. (ಮನೆಯವರು ಚೌಕಟ್ಟು ಹಾಕಿಸುವುದು ಈ ಚಿತ್ರಕ್ಕೇ, ಅದೂ ನಿಜ.)

ಜನರನ್ನು ಅವರ ಪಾಡಿಗೆ ಬಿಟ್ಟು ಚಿತ್ರ ತೆಗೆಯುವ ಕಲೆಯಲ್ಲಿ ನಮ್ಮ ದೊಡ್ಡ ಹೆಸರು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009). ಅವರ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಚಿತ್ರಗಳಲ್ಲಿ ಮಕ್ಕಳು ಆಟದಲ್ಲಿ, ದೊಡ್ಡವರು ಕೆಲಸದಲ್ಲಿ ಎಷ್ಟು ಮುಳುಗಿದ್ದಾರೆಂದರೆ, ಎದುರಿಗೊಬ್ಬ ನಿಂತಿದ್ದ ಎಂಬುದೇ ನಮಗೂ ಮರೆತುಹೋಗುತ್ತದೆ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ನ್ಯೂಯಾರ್ಕಿನ ಸುರಂಗ ರೈಲಿನ ಪ್ರಯಾಣಿಕರನ್ನು ಸೆರೆಹಿಡಿದ. ಆ ಚಿತ್ರಗಳ ಪುಸ್ತಕ ಬಂದದ್ದು 1966ರಲ್ಲಿ. ಅದ್ಭುತವಾದ ಮುಖಗಳು, ಆದರೆ ಒಂಟಿ ಮುಖಗಳು. ನನ್ನ ಒಲವು ಸತ್ಯನ್ ಕಡೆಗೇ. ಬಚ್ಚಿಟ್ಟ ಕ್ಯಾಮೆರಾಕ್ಕಿಂತ, ಎದುರಿಗಿದ್ದೂ ಜನ ಮರೆತ ಕ್ಯಾಮೆರಾ ಹೆಚ್ಚನ್ನು ಕಾಣುತ್ತದೆ. ದೂರದಿಂದ ಉದ್ದನೆಯ ಲೆನ್ಸ್ ಹಾಕಿ ಎಳೆದುಕೊಂಡ ಮುಖದ ಹಿಂದೆ ಊರು ಮಸುಕಾಗಿಬಿಡುತ್ತದೆ. ಐವತ್ತು ಎಂಎಂ ಲೆನ್ಸಿನವರು ಹತ್ತಿರ ಹೋಗಲೇಬೇಕು. ಹತ್ತಿರ ಹೋದವರಿಗೆ ತಕ್ಕಡಿ, ಬೀಡಿಕಟ್ಟು, ಗೋಡೆಯ ಕ್ಯಾಲೆಂಡರ್ ಎಲ್ಲವೂ ಸಿಗುತ್ತವೆ.

ಸಂತೆ ಎಲ್ಲರದು, ಜಗುಲಿ ಒಬ್ಬರದು. ಜಗುಲಿಯಲ್ಲಿ ಚಿತ್ರ ತೆಗೆದಾದ ಮೇಲಾದರೂ ತೋರಿಸಿ ಕೇಳಿ, ಬೇಡವೆಂದರೆ ಅಳಿಸಿಬಿಡಿ. ಒಪ್ಪಿದರೆ ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಒಂದು ಪ್ರಿಂಟ್ ಹಾಕಿಸಿ ಅಜ್ಜಿಯ ಕೈಗೆ ಕೊಡಿ, ಸೀರೆ ಬದಲಿಸಿ ಕೂತ ಚಿತ್ರದ ಜೊತೆಗೇ.