ಅಕ್ಷರವಿರುವ ಕಲ್ಲುಗಳು: ಬೆಂಗಳೂರಿನಿಂದ ಹೊರಡುವ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿಯೂಟಕ್ಕೆ ಮರಳಬಹುದಾದಷ್ಟು ದೂರದಲ್ಲೇ ಗಂಗರು, ನೊಳಂಬರು, ಬಾಣರು ಮತ್ತು ಚೋಳರು ಒಬ್ಬರ ಮೇಲೊಬ್ಬರು ಏರಿಹೋದ ನೆಲವಿದ್ದು, ಆ ಶತಮಾನಗಳ ಕುರುಹುಗಳು ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರಬಾಗಿಲಿನ ಬಳಿ ಇಂದಿಗೂ ನಿಂತಿವೆ. ಇವುಗಳನ್ನು ನೋಡಲು ಟಿಕೆಟ್ಟಿಲ್ಲ, ಸಾಲಿಲ್ಲ, ಮಾರ್ಗದರ್ಶಿಯೂ ಇಲ್ಲ. ನೋಡುವವರೂ ಇಲ್ಲವೆಂಬುದೇ ಇಲ್ಲಿಯ ದೂರು. ವಾರಾಂತ್ಯದ ನಸುಕಿನಲ್ಲಿ ನಂದಿಬೆಟ್ಟದ ರಸ್ತೆಯುದ್ದಕ್ಕೂ ನಿಲ್ಲುವ ವಾಹನಗಳ ಸಾಲನ್ನು ಕಂಡವರಿಗೆ ನಗರದ ಸಂಚಾರಿಗೆ ಉತ್ಸಾಹದ ಕೊರತೆಯಿಲ್ಲವೆಂಬುದು ತಿಳಿದಿರುತ್ತದೆ. ಆದರೆ ಅಷ್ಟು ಜನ ಮೇಲೇರಿ ಮಂಜನ್ನು ಚಿತ್ರ ಹಿಡಿದು, ಕೆಳಗಿಳಿದು ತಿಂಡಿಗೆ ಧಾವಿಸುವಾಗ, ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇವಾಲಯವನ್ನು ಹಾದುಹೋಗಿರುತ್ತಾರೆ. ಒಳಗೆ ಹೋದ ಕೆಲವರ ಪೈಕಿಯೂ ಹೆಚ್ಚಿನವರು ಹೋಗುವುದು ಅಲ್ಲಿಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಮದುವೆಗೆ ಮುಂಚಿನ ಚಿತ್ರಗಳಿಗೆ ನಿಲ್ಲುವುದಕ್ಕಾಗಿ.

ಈ ಅಭಿರುಚಿಗೆ ಒಂದು ಮೂಲವಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರುವುದಕ್ಕೆ ಬಹಳ ಮುಂಚೆಯೇ ಕನ್ನಡಿಗರ ಕಣ್ಣಿಗೆ ಅಳತೆಗೋಲಾಗಿದ್ದವು. ಅಲ್ಲಿಯ ಕುಸುರಿಯನ್ನು ಕಂಡುಬಂದವರು ಉಳಿದೆಲ್ಲ ಕಲ್ಲನ್ನೂ ಕುಸುರಿಯ ಲೆಕ್ಕದಲ್ಲೇ ತೂಗುತ್ತಾರೆ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು, ಅಂದರೆ ಗಣಿಯಿಂದ ತೆಗೆದಾಗ ಮೆದುವಾಗಿದ್ದು ಚಾಣಕ್ಕೆ ಸುಲಭವಾಗಿ ಒದಗುವ ಶಿಲೆ. ಬೆಂಗಳೂರು ಮತ್ತು ಕೋಲಾರದ ಸೀಮೆಯಲ್ಲಿ ಶಿಲ್ಪಿಗೆ ಬಹುಮಟ್ಟಿಗೆ ಸಿಕ್ಕಿದ್ದು ಕಗ್ಗಲ್ಲು, ಅದರಲ್ಲಿ ಆಭರಣದ ಮಣಿಮಣಿಯನ್ನೂ ಬಿಡಿಸುವುದು ಸಾಧ್ಯವಿಲ್ಲದ್ದರಿಂದ ಅವನು ಮೈಯ ತಿರುವು, ತೊಡೆಯ ಬಿಗಿ ಮತ್ತು ಆಯುಧದ ಓಟದಲ್ಲಿ ತನ್ನ ಮಾತನ್ನು ಹೇಳಬೇಕಾಯಿತು. ಹೀಗಿರುವಾಗ ಬೇಗೂರಿಗೆ ಬಂದು ಶಿಲಾಬಾಲಿಕೆಯನ್ನು ಹುಡುಕುವುದು ರಾಗಿಯ ಹೊಲದಲ್ಲಿ ನಿಂತು ಭತ್ತದ ತೆನೆ ಕೇಳಿದಂತೆ.

ಈ ಸೀಮೆಯ ನಿಜವಾದ ಸಂಪತ್ತು ದೇವಾಲಯಗಳಿಗಿಂತ ಮಿಗಿಲಾಗಿ ವೀರಗಲ್ಲುಗಳಲ್ಲಿದೆ. ಕಾಳಗದಲ್ಲೋ, ದನಗಳನ್ನು ಬಿಡಿಸಿಕೊಳ್ಳುವ ಹೋರಾಟದಲ್ಲೋ, ಹುಲಿ ಹಂದಿಗಳೊಡನೆ ಸೆಣಸುತ್ತಲೋ ಮಡಿದವನ ನೆನಪಿಗೆ ನೆಟ್ಟ ಈ ಕಲ್ಲುಗಳಲ್ಲಿ ಅರಸನ ಹೆಸರು ಬರುವುದು ಕಾಲವನ್ನು ತಿಳಿಸುವುದಕ್ಕೆ ಮಾತ್ರ. ಕಲ್ಲಿನ ವಿಷಯವೆಲ್ಲ ಊರಿನವನೊಬ್ಬನ ಸಾವು. ಮೂರು ಪಟ್ಟಿಕೆಗಳ, ಎಂದರೆ ಅಡ್ಡಲಾಗಿ ಮೂರು ಅಂಕಣಗಳಾಗಿ ವಿಂಗಡಿಸಿದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಅವನು ಲಿಂಗದ ಸನ್ನಿಧಿಯಲ್ಲೋ ಜಿನನ ಸನ್ನಿಧಿಯಲ್ಲೋ ಕುಳಿತಿರುವ ಚಿತ್ರ, ಅದಕ್ಕೂ ಮೇಲೆ ಈ ಕೀರ್ತಿ ಎಲ್ಲಿಯವರೆಗೆ ನಿಲ್ಲಬೇಕೆಂಬುದನ್ನು ಸೂಚಿಸುವ ಸೂರ್ಯಚಂದ್ರರು. ಮೇಲಿನಿಂದ ಕೆಳಕ್ಕೆ ನೋಡುವ ಹೊಸಬರು ಫಲವನ್ನು ಮೊದಲು ಕಂಡು ಕಾರಣವನ್ನು ಕೊನೆಗೆ ಕಾಣುತ್ತಾರೆ, ಎಷ್ಟೋ ವೇಳೆ ಅರ್ಧ ಹೂತುಹೋಗಿರುವ ಕೆಳಪಟ್ಟಿಕೆಯತ್ತ ಬಾಗುವುದೇ ಇಲ್ಲ.

ಆದರೆ ಬೆಂಗಳೂರಿನ ಸುತ್ತ ಸಿಗುವ ಗಂಗರ ಕಾಲದ ಕಲ್ಲುಗಳಲ್ಲಿ ಬಹಳಷ್ಟಕ್ಕೆ ಈ ಮೂರಂಕಣದ ಕಟ್ಟಿಲ್ಲ. ಒಂದೇ ಹರವಿನಲ್ಲಿ ವೀರನೊಬ್ಬನು ಬಿಲ್ಲನ್ನೋ ಕತ್ತಿ ಗುರಾಣಿಗಳನ್ನೋ ಹಿಡಿದು ಮುನ್ನುಗ್ಗುತ್ತಿರುತ್ತಾನೆ, ಅಕ್ಷರಗಳು ಅವನ ತಲೆಯ ಮೇಲೆ, ಕಲ್ಲಿನ ಅಂಚಿನಲ್ಲಿ, ಕೆಲವೊಮ್ಮೆ ಕಾಲುಗಳ ನಡುವಿನ ಬರಿದಾದ ಜಾಗದಲ್ಲಿ ಎಡೆ ಸಿಕ್ಕಲ್ಲೆಲ್ಲ ತುಂಬಿಕೊಂಡಿರುತ್ತವೆ. ನೋಡುವವರು ಮೊದಲು ಗಮನಿಸಬೇಕಾದದ್ದು ವೀರನ ಮುಖವನ್ನಲ್ಲ, ಅವನ ಹಿಂದೆ ಮುಂದೆ ಏನಿದೆ ಎಂಬುದನ್ನು. ದನಗಳ ಸಾಲಿದ್ದರೆ ಅದು ತುರುಗೊಳ್, ಅಂದರೆ ಗೋವುಗಳನ್ನು ಸೆಳೆದೊಯ್ಯುವ ದಾಳಿ. ದನವೇ ಆಸ್ತಿಯಾಗಿದ್ದ ಕಾಲದಲ್ಲಿ ಪಕ್ಕದ ಸೀಮೆಯ ಮೇಲಿನ ಯುದ್ಧವು ಬಹುಪಾಲು ಹೀಗೆಯೇ ಮೊದಲಾಗುತ್ತಿತ್ತು. ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಹೋರಾಡಿ ಸತ್ತದ್ದಾದರೆ ಶಾಸನವು ಅದನ್ನು ಪೆಣ್ಬುಯ್ಯಲ್ ಎನ್ನುತ್ತದೆ, ಊರೇ ಸೂರೆಯಾದ ಸಂದರ್ಭವನ್ನು ಊರಳಿವು ಎನ್ನುತ್ತದೆ. ಬಳೆ ತೊಟ್ಟ ತೋಳೊಂದು ಮೊಣಕೈಯಲ್ಲಿ ಬಾಗಿ ಮೇಲೆದ್ದಿದ್ದರೆ ಅದು ಗಂಡನೊಡನೆ ಚಿತೆಯೇರಿದವಳ ಮಾಸ್ತಿಗಲ್ಲು. ಅದರ ಮುಂದೆ ನಿಂತು ಶೌರ್ಯದ ಮಾತಾಡುವವರು ಆ ಬಳೆಗಳನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುವುದು ಒಳ್ಳೆಯದು.

ಕಲ್ಲಿನ ಕೊನೆಯ ಸಾಲುಗಳಿಗೆ ಬಂದಾಗ ಹೊಸಬರ ಆಸಕ್ತಿ ಆರಿಹೋಗುವುದು ಸಾಮಾನ್ಯವಾದರೂ ಅಲ್ಲಿಯೇ ಬದುಕಿನ ಲೆಕ್ಕಾಚಾರವಿರುತ್ತದೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಕಲ್ನಾಡು ಎಂದೂ ನೆತ್ತರುಗೊಡಗೆ ಎಂದೂ ಕರೆಯುತ್ತಿದ್ದು, ಅದು ಯಾವ ಕೆರೆಯ ಕೆಳಗಿನ ಎಷ್ಟು ಗದ್ದೆ ಎಂಬುದನ್ನು ಹಲವು ಶಾಸನಗಳು ನಮೂದಿಸುತ್ತವೆ. ದತ್ತಿಯನ್ನು ಅಳಿಸಿದವನಿಗೆ ವಾರಾಣಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂಬ ಶಾಪವೂ ಜೊತೆಗಿರುತ್ತದೆ. ಭೂಮಿಯ ವ್ಯಾಜ್ಯ ಅಂದಿಗೂ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೇಗೂರಿನ ಉದಾಹರಣೆಯಿಂದ ಇದೆಲ್ಲವೂ ಸ್ಪಷ್ಟವಾಗುತ್ತದೆ. ಈಗ ನಗರದೊಳಗೇ ಸೇರಿಹೋಗಿರುವ ಈ ಊರು ಬೆಂಪೂರು ಎಂಬ ಹೆಸರಿನಲ್ಲಿ ಗಂಗರ ಆಡಳಿತದ ಒಂದು ವಿಭಾಗಕ್ಕೆ ಮುಖ್ಯಸ್ಥಳವಾಗಿತ್ತು. ಸುಮಾರು ಕ್ರಿ.ಶ. 900ರ ಹೊತ್ತಿಗೆ ಗಂಗ ಎರೆಯಪ್ಪನು ನೊಳಂಬ ಅಯ್ಯಪದೇವನ ನೆರವಿಗೆಂದು ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದಾಗ, ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಆನೆಗಳ ದಾಳಿಗೆ ಎದುರಾಗಿ ನಾಗತ್ತರನು ಮಡಿದನು. ಸುದ್ದಿ ತಿಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು, ಅಂದರೆ ಹನ್ನೆರಡು ಊರುಗಳ ಆ ವಿಭಾಗವನ್ನು, ಕೊಟ್ಟನು. ಈ ವೃತ್ತಾಂತವನ್ನು ಹೊತ್ತ ವಿಶಾಲವಾದ ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಬಿದ್ದು ಕಿಕ್ಕಿರಿದಿರುವ ಅದರ ಹರವಿನಲ್ಲಿ ಎಲ್ಲಿ ಯಾರು ಯಾರ ಕಡೆಯವರೆಂದು ಬೇರ್ಪಡಿಸುತ್ತ ನಿಂತರೆ ಅರ್ಧ ಗಂಟೆ ಸಾಲುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ದೊರೆತ ಇನ್ನೊಂದು ಶಾಸನವು ಬೆಂಗಳೂರ ಕಾಳಗವನ್ನು ಹೆಸರಿಸುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳನ್ನು ಬಡಿಸಿದ್ದರಿಂದ ಊರಿಗೆ ಹೆಸರು ಬಂತೆಂಬ ಕಥೆಯು ಆ ಅರಸು ಹುಟ್ಟುವುದಕ್ಕೆ ಶತಮಾನಗಳ ಮುಂಚೆಯೇ ಕೆತ್ತಿದ ಈ ಅಕ್ಷರಗಳ ಮುಂದೆ ನಿಲ್ಲುವುದಿಲ್ಲ. ಆದರೂ ಪ್ರವಾಸಿ ಪುಸ್ತಿಕೆಗಳು ಕಾಳನ್ನು ಬೇಯಿಸುವುದನ್ನು ಬಿಟ್ಟಿಲ್ಲ.

ಹೊರಡುವ ಮುನ್ನ ಅದೇ ವಸ್ತುಸಂಗ್ರಹಾಲಯದಲ್ಲಿ ಕಣ್ಣನ್ನು ಪಳಗಿಸಿಕೊಳ್ಳಬೇಕೆಂಬ ಸಲಹೆಗೆ ಮತ್ತೊಂದು ಕಾರಣ ಆತಕೂರಿನ ಶಾಸನ. ಈ ಬರಹದ ಕರ್ತೃವಿಗೆ ಶಾಸನದ ರುಚಿ ಹತ್ತಿದ್ದು ಆ ಕಲ್ಲಿನ ಎದುರು. ಅದುವರೆಗೆ ರಾಜವಂಶಗಳ ಪಟ್ಟಿಯಾಗಿದ್ದ ಇತಿಹಾಸವು ಅಲ್ಲಿ ಒಂದು ನಾಯಿಯ ರೂಪದಲ್ಲಿ ಎದುರಾಯಿತು. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದ ಈ ಶಾಸನವು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು ತನ್ನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಆ ಕಾಳಿಯು ಕೆಳಲೆನಾಡಿನ ಗುಡ್ಡವೊಂದರ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಸತ್ತವು. ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನೆಟ್ಟು ಅದರ ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿ ಮಾಡಿದ ಪಾಪವೆಲ್ಲ ಅಂಟುತ್ತದೆ ಎಂಬ ಕಟ್ಟಳೆಯನ್ನೂ ಬರೆಸಲಾಗಿದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಒಂದಕ್ಕೊಂದು ಎದುರಾಗಿ ಕಾದುತ್ತಿವೆ. ಸುತ್ತಲಿನ ಸಾಲುಗಳಲ್ಲಿ ಸಾಮ್ರಾಜ್ಯಗಳ ಜಯಾಪಜಯವಿದ್ದರೂ ಶಿಲ್ಪಿ ಬಿಡಿಸಲು ಆರಿಸಿಕೊಂಡದ್ದು ಈ ಎರಡು ಪ್ರಾಣಿಗಳನ್ನು.

ಊರುಗಳಲ್ಲಿ ಕಲ್ಲನ್ನು ಕಾಣುವುದೇ ಒಂದು ವಿದ್ಯೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನು ತಗ್ಗಿನಲ್ಲಿದ್ದು ಬೆಳಕು ಕಲ್ಲಿನ ಮೈಯನ್ನು ಓರೆಯಾಗಿ ಸವರುವ ಬೆಳಗಿನಲ್ಲೋ ಇಳಿಹೊತ್ತಿನಲ್ಲೋ ಪ್ರತಿ ಗೀರಿಗೂ ನೆರಳು ಹುಟ್ಟಿ ಸಾಲುಗಳು ಎದ್ದುಬರುತ್ತವೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಪಕ್ಕದಿಂದ ಟಾರ್ಚು ಹಿಡಿದರೂ ಅದೇ ಫಲ. ನೀರೆರಚಿ ಮೆದುವಾದ ಬ್ರಷ್ಷಿನಿಂದ ಧೂಳು ತೆಗೆಯುವುದರಿಂದ ಹಾನಿಯಿಲ್ಲ. ಸೀಮೆಸುಣ್ಣವನ್ನು ಉಜ್ಜುವುದು, ಬಣ್ಣ ತುಂಬುವುದು, ಮೊಳೆಯಿಂದ ಕೆರೆದು ಅಕ್ಷರವನ್ನು ಸ್ಪಷ್ಟಪಡಿಸಲು ಹೋಗುವುದು ಇವು ಅಭಿಮಾನದ ಹೆಸರಿನಲ್ಲಿ ನಡೆಯುವ ನಾಶ. ಗಂಗರ ಕಾಲದ ಲಿಪಿಯನ್ನು ಇಂದಿನ ಕನ್ನಡ ಬಲ್ಲವರು ನೇರವಾಗಿ ಓದಲಾರರಾದರೂ ರ, ಗ, ನ ಮುಂತಾದ ಕೆಲವು ಅಕ್ಷರಗಳು ಬೇಗ ಪರಿಚಯವಾಗುತ್ತವೆ, ಅಷ್ಟಾದರೆ ಸಾಲಿನ ಮೊದಲು ಕೊನೆ ತಿಳಿಯುತ್ತದೆ. ಉಳಿದದ್ದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರಿನ ಶಾಸನಗಳನ್ನು ತಾಲೂಕುವಾರು ಸಂಖ್ಯೆ ಕೊಟ್ಟು ಪ್ರಕಟಿಸಿದ ಈ ಮಾಲೆಯಲ್ಲಿ ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, ಕೋಲಾರದ್ದು ಹತ್ತನೆಯದು. ಹೋಗಲಿರುವ ಊರಿನ ಹೆಸರನ್ನು ಅದರಲ್ಲಿ ಹುಡುಕಿ, ಪಾಠವನ್ನು ಬರೆದುಕೊಂಡು, ಕಲ್ಲಿನೆದುರು ಸಾಲು ಸಾಲಾಗಿ ಹೊಂದಿಸಿ ನೋಡುವ ಸುಖವು ಯಾವ ಬೆಟ್ಟದ ಮಂಜಿಗೂ ಇಲ್ಲ. ಹಿನ್ನೆಲೆ ಬೇಕಾದವರಿಗೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೊಂದು ಸಾಕು.

ಸಂಪುಟದಲ್ಲಿ ನಮೂದಾದ ಕಲ್ಲು ಹೇಳಿದ ಜಾಗದಲ್ಲೇ ಇರುವುದೆಂಬ ಭರವಸೆಯಿಲ್ಲ. ಕಾಲುವೆಗೆ ಹಾಸಾಗಿ, ಬಟ್ಟೆ ಒಗೆಯುವ ಬಂಡೆಯಾಗಿ, ಮನೆಯ ಮೆಟ್ಟಿಲಾಗಿ ಹೋದವು ಹಲವು; ಎಣ್ಣೆ ಕುಂಕುಮ ಕಂಡು ದೇವರಾಗಿ ಉಳಿದವು ಕೆಲವು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಯ ಕಾಮಗಾರಿಯ ವೇಳೆ ಹೊರಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದಾಗಿದ್ದು, ಗಂಗ ಶ್ರೀಪುರುಷನ ಕಾಲಕ್ಕೆ ಸೇರುತ್ತದೆ. ಅಷ್ಟು ಹಳೆಯ ಕಲ್ಲು ಇಷ್ಟು ದಟ್ಟವಾದ ಬಡಾವಣೆಯ ಅಡಿಯಲ್ಲಿ ಸಿಕ್ಕಿದೆಯೆಂದ ಮೇಲೆ ಹಳ್ಳಿಗಳಲ್ಲಿ ಇನ್ನೂ ಏನಿದೆಯೋ ಎಂಬ ಕುತೂಹಲ ಸಹಜ. ಶಾಸನದ ಕೆಳಗೆ ನಿಧಿಯಿದೆಯೆಂಬ ನಂಬಿಕೆಯಿಂದ ರಾತ್ರಿ ಬಂದು ಅಗೆಯುವವರ ಕಾಟವನ್ನು ಅನುಭವಿಸಿದ ಊರುಗಳು ಅನೇಕವಿರುವುದರಿಂದ, ಅಪರಿಚಿತರು ಕಲ್ಲಿನ ಸುತ್ತ ಸುಳಿದರೆ ಜನ ಸಂಶಯಪಡುವುದು ನ್ಯಾಯವೇ ಆಗಿದೆ. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರ ಬಳಿ ಮೊದಲು ಹೋಗಿ, ಯಾವ ಊರಿನವರು, ಏಕೆ ಬಂದದ್ದು ಎಂಬುದನ್ನು ತಾವಾಗಿಯೇ ತಿಳಿಸಿ, ‘ಅಕ್ಷರ ಇರೋ ಕಲ್ಲು ಎಲ್ಲಾದರೂ ಇದೆಯೇ ಯಜಮಾನರೇ’ ಎಂದು ಕೇಳಿದವರಿಗೆ ದಾರಿ ತೋರಿಸಲು ಒಬ್ಬ ಹುಡುಗನಾದರೂ ಜೊತೆಗೆ ಬರುತ್ತಾನೆ. ಶಾಸನ ಎಂಬ ಮಾತು ಕೆಲವೆಡೆ ತಹಸೀಲ್ದಾರರ ಕಚೇರಿಯನ್ನು ನೆನಪಿಸುತ್ತದೆ.

ದೇವಾಲಯಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ, ಅವುಗಳ ಬಗ್ಗೆ ಪುಸ್ತಕಗಳು ಸಾಕಷ್ಟಿವೆ. ಅಧಿಷ್ಠಾನವನ್ನು, ಅಂದರೆ ಗೋಡೆಯ ಕೆಳಗಿನ ಪೀಠಭಾಗವನ್ನು, ಬಿಡದೆ ಸುತ್ತಿ ನೋಡಬೇಕು. ಚೋಳರ ಆಳ್ವಿಕೆಯ ಕಾಲದಿಂದ ಈ ಸೀಮೆಯಲ್ಲಿ ತಮಿಳು ಶಾಸನಗಳನ್ನು ಅಲ್ಲಿಯೇ ಉದ್ದಕ್ಕೂ ಕೆತ್ತುತ್ತಿದ್ದರು, ಮಡಿವಾಳದ ಸೋಮೇಶ್ವರ ದೇವಾಲಯದ 1247ರ ಶಾಸನವು ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ಉಲ್ಲೇಖಿಸುತ್ತದೆ. ನೆಲಮಂಗಲ ತಾಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರವೆಂಬ ಗಂಗರ ರಾಜಧಾನಿಯಾಗಿದ್ದು, ಅಲ್ಲಿ ಈಗ ಉಳಿದಿರುವ ಕಪಿಲೇಶ್ವರ ದೇವಾಲಯ ಶಿಥಿಲವಾಗಿದ್ದರೂ ಅದರ ಬಾಗಿಲವಾಡದ ಕೆತ್ತನೆಗಾಗಿಯೇ ಹೋಗಿಬರಬಹುದು. ತಿಪಟೂರು ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರದಲ್ಲಿ ತಲೆಯೆತ್ತಿ ಒಳಮಾಳಿಗೆಯ ನಟರಾಜನನ್ನು ನೋಡಬೇಕು. ಅದೇ ಊರಿನ ಹೊಯ್ಸಳ ದೇವಾಲಯಕ್ಕೆ ನೇರವಾಗಿ ಓಡುವವರು ಓಡಲಿ.

ಒಂದೇ ದಿನವನ್ನು ಒಂದೇ ಊರಿಗೆ ಕೊಡುವವರಿಗೆ ಆವಣಿಯನ್ನು ಸೂಚಿಸಬೇಕು. ಮುಳಬಾಗಿಲು ತಾಲೂಕಿನ ಈ ಊರಿನಲ್ಲಿ ನೊಳಂಬರ ಕಾಲದ ದೇವಾಲಯಗಳು ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಮೀಸಲಾಗಿದ್ದು, ಅವುಗಳಲ್ಲಿ ಅಲಂಕಾರ ಹೆಚ್ಚಿರುವುದು ಅಣ್ಣನದಕ್ಕಿಂತ ತಮ್ಮ ಲಕ್ಷ್ಮಣನದರಲ್ಲಿ. ಊರಿನವರು ಸೀತೆಯು ಲವಕುಶರನ್ನು ಹೆತ್ತದ್ದು ಮೇಲಿನ ಬೆಟ್ಟದಲ್ಲೆಂದು ಹೇಳುತ್ತಾರೆ. ಬಂಡೆಯ ಮೇಲಿನ ದಾರಿ ಹತ್ತು ಗಂಟೆಯ ನಂತರ ಕಾಲು ಸುಡುವುದರಿಂದ ಬೆಟ್ಟವನ್ನು ಮೊದಲು ಹತ್ತಿಳಿದು, ಬಿಸಿಲೇರಿದ ಮೇಲೆ ಪ್ರಾಕಾರದ ನೆರಳಿಗೆ ಬಂದು, ಮಧ್ಯಾಹ್ನದ ಊಟವನ್ನು ಮುಳಬಾಗಿಲಿನಲ್ಲಿ ಮುಗಿಸಿ, ಬೆಳಕು ಓರೆಯಾಗುವ ನಾಲ್ಕೂವರೆಗೆ ಮತ್ತೆ ಆವಣಿಗೆ ಬಂದು ಅಕ್ಷರಗಳನ್ನು ಹುಡುಕುವುದು ಸರಿಯಾದ ಕ್ರಮ.